ಅಟ್ಟದಿಂದ ಇಳಿದ ಶ್ರೀರಂಗಪಟ್ಟಣ

2019ರ ಮಾರ್ಚ್ ತಿಂಗಳಲ್ಲಿ ಇಂಗ್ಲೆಂಡಿನ ಬರ್ಕ್‌ಷೈರ್ ಕೌಂಟಿಯಲ್ಲಿ ಒಂದು ಹರಾಜು ನಡೆಯಿತು. ಸೋದಬೀಸ್, ಕ್ರಿಸ್ಟೀಸ್‌ಗಳಂತಹ ಲಂಡನ್ನಿನ ದೊಡ್ಡ ಹೆಸರಿನ ಮನೆಯ ಹರಾಜಲ್ಲ ಅದು. ಆಂಟನಿ ಕ್ರಿಬ್ ಎಂಬ, ಹಳೆಯ ಆಯುಧಗಳ ವ್ಯವಹಾರದಲ್ಲಿ ಪಳಗಿದ ಊರಿನ ಹರಾಜುಗಾರರದು. ಅಲ್ಲಿಯ ಒಂದು ಕುಟುಂಬದ ಮನೆಯ ಅಟ್ಟದಲ್ಲಿ ಎಂಟು ವಸ್ತುಗಳು ಸಿಕ್ಕಿದ್ದವು. ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿದ್ದ ಮೇಜರ್ ಥಾಮಸ್ ಹಾರ್ಟ್ ಎಂಬ ಪೂರ್ವಿಕ 1799ರಲ್ಲಿ ಶ್ರೀರಂಗಪಟ್ಟಣದಿಂದ ತಂದದ್ದು ಅವು. ಬೆಳ್ಳಿ ಕಟ್ಟಿದ ಒಂದು ಬಂದೂಕು ಮತ್ತು ಅದರ ಬಾಯ್ನೆಟ್ಟು, ಚಿನ್ನದ ಕೆತ್ತನೆಯ ಖಡ್ಗಗಳು, ಒಂದು ಅಡಿಕೆಯ ಕರಂಡಕ. ಬಂದೂಕು ಅರವತ್ತು ಸಾವಿರ ಪೌಂಡಿಗೆ ಹೋಯಿತು. ಎಲ್ಲ ಸೇರಿ ಒಂದು ಲಕ್ಷ ಏಳು ಸಾವಿರ ಪೌಂಡು. ಅಂದಿನ ಲೆಕ್ಕದಲ್ಲಿ ನಮ್ಮ ಸುಮಾರು ಒಂದು ಕೋಟಿ ರೂಪಾಯಿ.

ಇಂಗ್ಲೆಂಡಿನ ಒಂದೊಂದು ಕೌಂಟಿಯಲ್ಲೂ ಇಂತಹ ಹರಾಜು ಮನೆಗಳಿವೆ. ಮನೆಯ ಹಿರಿಯರು ತೀರಿಕೊಂಡಾಗ ಮನೆ ಖಾಲಿ ಮಾಡುವ ಮಕ್ಕಳು ಗೋಡೆ ಗಡಿಯಾರ, ಪಿಂಗಾಣಿ ತಟ್ಟೆ, ತೈಲಚಿತ್ರ, ಅಜ್ಜನ ಪದಕ, ಅಜ್ಜಿಯ ಮಣಿಸರ ಎಲ್ಲವನ್ನೂ ತಂದು ಒಪ್ಪಿಸುತ್ತಾರೆ. ಹರಾಜುಗಾರ ಒಂದೊಂದಕ್ಕೂ ಒಂದು ನಂಬರು ಹಾಕಿ, ಇಷ್ಟರಿಂದ ಇಷ್ಟಕ್ಕೆ ಹೋಗಬಹುದೆಂಬ ಅಂದಾಜು ಬರೆದು, ಕ್ಯಾಟಲಾಗು ಅಚ್ಚು ಹಾಕಿಸುತ್ತಾನೆ. ಆ ನಂಬರಿಗೆ ಲಾಟ್ ಎಂದು ಹೆಸರು. ಸುತ್ತಿಗೆ ಬಿದ್ದ ಬೆಲೆಯ ಮೇಲೆ ಕೊಂಡವನು ಹರಾಜು ಮನೆಗೆ ಕಮಿಷನ್ನನ್ನೂ ಕೊಡಬೇಕು. ಒಂದು ಲಾಟಿಗೂ ಇನ್ನೊಂದು ಲಾಟಿಗೂ ನಡುವೆ ಒಂದೆರಡು ನಿಮಿಷವೂ ಹಿಡಿಯುವುದಿಲ್ಲ. ಒಂದು ಸಂಸ್ಥಾನ ಅಳಿದ ದಿನದ ಗುರುತುಗಳು ಹೀಗೆ ಎರಡೆರಡು ನಿಮಿಷದಲ್ಲಿ ಕೈ ಬದಲಿಸಿದವು.

ಆ ಸುದ್ದಿ ಓದಿದಾಗ ನಮ್ಮನ್ನು ಹಿಡಿದು ನಿಲ್ಲಿಸಿದ್ದು ಬಂದೂಕವೂ ಅಲ್ಲ, ಖಡ್ಗವೂ ಅಲ್ಲ. ಆ ಕರಂಡಕದೊಳಗೆ ಇನ್ನೂರಿಪ್ಪತ್ತು ವರ್ಷದ ಹಿಂದಿನ ಅಡಿಕೆ ಹಾಗೆಯೇ ಉಳಿದಿದೆ ಎಂದು ಪತ್ರಿಕೆಗಳು ಬರೆದಿದ್ದವು. ಎಲೆ ಅಡಿಕೆಯ ನಾಡಿನಲ್ಲಿ ಹುಟ್ಟಿದ ನಮಗೆ ಖಡ್ಗದ ಪರಿಚಯ ಇಲ್ಲ, ಅಡಿಕೆಯದು ಇದೆ. ಯಾರೋ ಊಟ ಮುಗಿಸಿ ಬಾಯಿಗೆ ಹಾಕಿಕೊಳ್ಳಬೇಕಾಗಿದ್ದ ಒಂದು ಹೋಳು, ಹಾಕಿಕೊಳ್ಳಲು ವ್ಯವಧಾನವಾಗದೆ ಕಡಲು ದಾಟಿ ಹೋಗಿ, ಚಳಿದೇಶದ ಅಟ್ಟದಲ್ಲಿ ಇಷ್ಟು ಕಾಲ ಕೂತಿತ್ತು.

ಕನ್ನಡದಲ್ಲಿ ಇದಕ್ಕೆ ಹರಾಜು ಎನ್ನುತ್ತೇವೆ. ಮದ್ರಸಾದಲ್ಲೂ ಕನ್ನಡ ಶಾಲೆಯಲ್ಲೂ ಕಲಿತ ನಮ್ಮಂತಹವರಿಗೆ ಶಬ್ದಗಳ ಬೆನ್ನು ಹತ್ತುವ ಚಟ. ಹರಾಜು ಅರಬ್ಬಿಯಿಂದ ಬಂದ ಮಾತು. ಉರ್ದುವಿನಲ್ಲಿ ಹೆಚ್ಚಾಗಿ ನೀಲಾಮ್ ಎನ್ನುತ್ತಾರೆ. ಅದು ನೋಡಲು ನಮ್ಮದೇ ಅನಿಸಿದರೂ ಪೋರ್ಚುಗೀಸರು ಹಡಗಿನಲ್ಲಿ ತಂದದ್ದು. ಉತ್ತರ ಕರ್ನಾಟಕದ ಕಡೆ ಕೇಳಿಬರುವ ಲಿಲಾವು ಕೂಡ ಅದೇ ಪೋರ್ಚುಗೀಸ್ ಮಾತಿನ ಮೊಮ್ಮಗು. ಹರಾಜಿನಲ್ಲಿ ಬೆಲೆ ಕೂಗುವುದಕ್ಕೆ ಕನ್ನಡದಲ್ಲಿ ಸವಾಲು ಹಾಕುವುದು ಎನ್ನುತ್ತೇವಲ್ಲ, ಅರಬ್ಬಿಯಲ್ಲಿ ಸವಾಲು ಎಂದರೆ ಪ್ರಶ್ನೆ. ಇಂಗ್ಲಿಷರು ತಮ್ಮ ನಿಘಂಟಿಗೆ ನಮ್ಮಿಂದ ಕೊಂಡೊಯ್ದ ಶಬ್ದಗಳಲ್ಲಿ 'ಲೂಟ್' ಕೂಡ ಒಂದು. ಅದಕ್ಕೆ ಮಾತ್ರ ಅವರು ಬೆಲೆ ಕೊಡಲಿಲ್ಲ.

ಹರಾಜೆಂಬುದು ತಾನಾಗಿ ಕೆಟ್ಟದ್ದೇನಲ್ಲ. ಜುಮಾ ಖುತ್ಬಾಗಳಲ್ಲಿ ನಾವು ಚಿಕ್ಕಂದಿನಿಂದ ಕೇಳಿದ ಒಂದು ಹದೀಸ್ ಇದೆ. ಅನ್ಸಾರಿಗಳಲ್ಲಿ ಒಬ್ಬ ಬಡವ ಪ್ರವಾದಿಯವರ ಬಳಿ ಬೇಡಲು ಬರುತ್ತಾನೆ. ಮನೆಯಲ್ಲಿ ಏನಿದೆ ಎಂದು ಕೇಳಿ, ಇದ್ದ ಒಂದು ಹಾಸುಬಟ್ಟೆ ಮತ್ತು ಒಂದು ನೀರಿನ ಬಟ್ಟಲು ತರಿಸಿ, 'ಇದಕ್ಕಿಂತ ಹೆಚ್ಚು ಯಾರು ಕೊಡುತ್ತೀರಿ' ಎಂದು ಅವರೇ ಕೂಗಿ, ಎರಡು ದಿರ್ಹಮಿಗೆ ಮಾರುತ್ತಾರೆ. ಒಂದರಲ್ಲಿ ಮನೆಗೆ ಅನ್ನ, ಇನ್ನೊಂದರಲ್ಲಿ ಸೌದೆ ಕಡಿಯಲು ಕೊಡಲಿ. ಅಲ್ಲಿ ಮಾಲು ಯಾರದೋ ಹಣವೂ ಅವನದೇ. ಆದರೆ ಮಾಲು ಒಬ್ಬರದು, ಕೂಗು ಇನ್ನೊಬ್ಬರದು, ಹಣ ಮತ್ತೊಬ್ಬರದು ಆದಾಗ ಏನಾಗುತ್ತದೆ ಎಂಬುದಕ್ಕೆ ಶ್ರೀರಂಗಪಟ್ಟಣಕ್ಕೇ ಹೋಗಬೇಕು.

1799ರ ಮೇ 4, ಮಧ್ಯಾಹ್ನ. ಜನರಲ್ ಹ್ಯಾರಿಸ್‌ನ ಸೈನ್ಯ ಕಾವೇರಿ ದಾಟಿ, ಡೇವಿಡ್ ಬೇರ್ಡ್‌ನ ಮುಂದಾಳತ್ವದಲ್ಲಿ ಒಡೆದ ಕೋಟೆಗೋಡೆ ಹತ್ತಿತು. ಸಂಜೆಯೊಳಗೆ ಟಿಪ್ಪು ಹೆಣಗಳ ರಾಶಿಯಲ್ಲಿ ಒಂದು ಹೆಣವಾಗಿದ್ದ. ಆ ರಾತ್ರಿ ಪಟ್ಟಣದಲ್ಲಿ ನಡೆದದ್ದನ್ನು ಇಂಗ್ಲಿಷರ ಬರಹಗಳೇ ಮುಚ್ಚಿಟ್ಟಿಲ್ಲ. ಮನೆಮನೆ ನುಗ್ಗಿದರು. ಚಿನ್ನದ ತುಂಡು, ಮುತ್ತು, ರತ್ನಗಳನ್ನು ಸಿಪಾಯಿಗಳು ಬೀದಿಯಲ್ಲೇ ಮಾರಿದರು. ಒಬ್ಬ ಸಾಮಾನ್ಯ ಸೈನಿಕ ತನ್ನ ಕೈಗೆ ಸಿಕ್ಕ ವಜ್ರದ ಕಡಗಗಳನ್ನು ಪುಡಿಗಾಸಿಗೆ ಸೈನ್ಯದ ಡಾಕ್ಟರನಿಗೆ ಕೊಟ್ಟನಂತೆ. ಅವು ಸಾವಿರಾರು ಪೌಂಡು ಬಾಳುತ್ತಿದ್ದವಂತೆ. ಮರುದಿನ ಪಟ್ಟಣದ ಅಧಿಕಾರ ವಹಿಸಿಕೊಂಡ ಆರ್ಥರ್ ವೆಲ್ಲೆಸ್ಲಿ, ಮುಂದೆ ವಾಟರ್ಲೂ ಗೆದ್ದು ಡ್ಯೂಕ್ ಆದವನು, ನಾಲ್ವರನ್ನು ನೇಣಿಗೆ ಹಾಕಿ, ಹಲವರಿಗೆ ಛಡಿ ಏಟು ಹೊಡೆಸಿದ ಮೇಲೆ ಲೂಟಿ ನಿಂತಿತು.

ನಿಂತಿತು ಎನ್ನುವುದಕ್ಕಿಂತ ಕ್ರಮಬದ್ಧವಾಯಿತು ಎನ್ನಬೇಕು. ಗೆದ್ದ ಕೋಟೆಯ ಸೊತ್ತನ್ನು ಸೈನ್ಯಕ್ಕೆ ಹಂಚುವ ಪದ್ಧತಿ ಅಂದಿನ ಯುದ್ಧಗಳಲ್ಲಿ ಕಾನೂನೇ ಆಗಿತ್ತು. ಅದಕ್ಕೆಂದು ಪ್ರೈಜ್ ಏಜೆಂಟರು ಎಂಬ ಅಧಿಕಾರಿಗಳನ್ನು ನೇಮಿಸುತ್ತಿದ್ದರು. ನಮ್ಮ ಇತಿಹಾಸದ ಗ್ರಂಥಗಳಲ್ಲಿ ಮಾಲೆ ಗನೀಮತ್ ಎನ್ನುವುದಕ್ಕೆ ಇದು ಬಹಳ ದೂರದ್ದೇನಲ್ಲ. ಏಜೆಂಟರು ಅರಮನೆಯ ಕೋಣೆಗಳನ್ನು ಮುಚ್ಚಿ ಮೊಹರು ಹಾಕಿ, ಪಟ್ಟಿ ಮಾಡಿ, ತೂಕ ಹಾಕಿ, ಬೆಲೆ ಕಟ್ಟಿದರು. ಆಮೇಲೆ ಬಹಿರಂಗ ಹರಾಜು. ಬರ್ಕ್‌ಷೈರಿನದು ಎರಡನೆಯ ಹರಾಜೋ ಇಪ್ಪತ್ತನೆಯದೋ ಹೇಳಲಾರೆವು. ಮೊದಲನೆಯದು ಮಾತ್ರ ನಡೆದದ್ದು ಇಲ್ಲಿ, ಮೈಸೂರಿನಿಂದ ಅರ್ಧ ಗಂಟೆಯ ಬಸ್ ದಾರಿಯಲ್ಲಿ, ಕಾವೇರಿಯ ದಂಡೆಯ ಮೇಲೆ.

ಹಂಚಿಕೆಯ ಲೆಕ್ಕ ಕೇಳಿ. ಜನರಲ್ ಹ್ಯಾರಿಸ್‌ನ ಪಾಲಿಗೆ ಬಂದದ್ದು ಸುಮಾರು ಒಂದು ಲಕ್ಷ ನಲವತ್ತಮೂರು ಸಾವಿರ ಪೌಂಡು. ಅದೇ ಗೋಡೆ ಹತ್ತಿದ ನಮ್ಮೂರಿನ ಕಡೆಯ ಸಿಪಾಯಿಗೆ ಬೆರಳೆಣಿಕೆಯ ಪೌಂಡು. ಹ್ಯಾರಿಸ್ ತನಗೆ ಸಲ್ಲುವುದಕ್ಕಿಂತ ಹೆಚ್ಚು ತೆಗೆದುಕೊಂಡನೆಂದು ಕಂಪನಿಯೇ ತಗಾದೆ ಎತ್ತಿ, ವ್ಯಾಜ್ಯ ಪ್ರಿವಿ ಕೌನ್ಸಿಲ್‌ವರೆಗೆ ಹೋಗಿ, ಅಲ್ಲಿ ಅವನೇ ಗೆದ್ದ. ಇಲ್ಲಿ ಇನ್ನೊಂದು ಮಾತನ್ನೂ ಒಪ್ಪಿಕೊಳ್ಳಬೇಕು. ಗೋಡೆ ಹತ್ತಿದವರಲ್ಲಿ, ಪಾಲು ಪಡೆದವರಲ್ಲಿ, ಕೆಂಪು ಮೋರೆಯವರಷ್ಟೇ ಇರಲಿಲ್ಲ. ಮದರಾಸು ಸೈನ್ಯದ ಸಿಪಾಯಿಗಳು ಇದ್ದರು. ಹೈದರಾಬಾದಿನ ನಿಜಾಮನ ದಂಡು ಇತ್ತು. ಇದು ಹಿಂದೂವಿನ ಸೋಲು, ಮುಸಲ್ಮಾನನ ಸೋಲು ಎಂದು ಇಂದು ಭಾಷಣ ಮಾಡುವವರು ಆ ದಂಡಿನ ಹೆಸರುಗಳನ್ನು ಒಮ್ಮೆ ಓದಬೇಕು.

ಪ್ರೈಜ್ ಏಜೆಂಟರಲ್ಲಿ ಡೇವಿಡ್ ಪ್ರೈಸ್ ಎಂಬವನಿದ್ದ. ಅವನಿಗೆ ಒಂದು ಕಾಲಿರಲಿಲ್ಲ. ಅದು ಹೋದದ್ದು ಧಾರವಾಡದ ಕೋಟೆಯ ಮುತ್ತಿಗೆಯಲ್ಲಿ, ಮೂರನೆಯ ಮೈಸೂರು ಯುದ್ಧದ ಕಾಲಕ್ಕೆ. ಪಾರಸಿ ಬಲ್ಲವನು, ಆಮೇಲೆ ಊರಿಗೆ ಹೋಗಿ ಮುಸ್ಲಿಂ ರಾಜಮನೆತನಗಳ ಇತಿಹಾಸವನ್ನು ಸಂಪುಟಗಟ್ಟಲೆ ಬರೆದವನು. ಟಿಪ್ಪುವಿನ ರತ್ನಗಳನ್ನು ಬೊಗಸೆಯಲ್ಲಿ ಎತ್ತಿ ತೂಕಕ್ಕೆ ಹಾಕಿದ ಕೈ, ಹಸ್ತಪ್ರತಿಗಳನ್ನು ಪ್ರೀತಿಯಿಂದ ಬಿಡಿಸಿ ಓದಿದ ಕೈ ಒಂದೇ. ಇಂತಹವರನ್ನು ಕಳ್ಳರೆಂದು ಬರೆದು ಮುಗಿಸಲು ನಮಗೆ ಕೈ ಬರುವುದಿಲ್ಲ. ಸಜ್ಜನರೆಂದು ಬರೆಯಲೂ ಬರುವುದಿಲ್ಲ.

ಈ ಏಜೆಂಟರ ಕಾಲದಲ್ಲೇ ಸಿಂಹಾಸನ ಒಡೆಯಿತು. ಎಂಟು ಮೂಲೆಯ ಪೀಠ, ಮರದ ಮೇಲೆ ಚಿನ್ನದ ತಗಡು, ಕೆಳಗೆ ದೊಡ್ಡ ಹುಲಿಯ ತಲೆ, ಸುತ್ತ ಕಟಕಟೆಯ ಮೇಲೆ ವಜ್ರ, ಕೆಂಪು, ಪಚ್ಚೆಗಳನ್ನು ಕೂರಿಸಿದ ಎಂಟು ಸಣ್ಣ ಹುಲಿತಲೆಗಳು, ಮೇಲೆ ಛತ್ರಿಯ ತುದಿಯಲ್ಲಿ ರತ್ನಖಚಿತ ಹುಮಾ ಪಕ್ಷಿ. ಇಂಗ್ಲಿಷರನ್ನು ಓಡಿಸುವವರೆಗೆ ಅದನ್ನು ಏರುವುದಿಲ್ಲವೆಂದು ಟಿಪ್ಪು ಶಪಥ ಮಾಡಿದ್ದನೆಂಬ ಮಾತಿದೆ. ಇಡಿಯಾಗಿ ಕೊಳ್ಳುವ ಶಕ್ತಿ ಯಾವ ಸೈನಿಕನಿಗೂ ಇರಲಿಲ್ಲ, ಹಂಚಬೇಕೆಂದರೆ ತುಂಡು ಮಾಡಲೇಬೇಕು. ಗವರ್ನರ್ ಜನರಲ್ ರಿಚರ್ಡ್ ವೆಲ್ಲೆಸ್ಲಿ ಅದನ್ನು ಇಡಿಯಾಗಿ ರಾಜನಿಗೆ ಕಳಿಸಬೇಕೆಂದಿದ್ದ. ಅವನ ಮಾತು ಮುಟ್ಟುವಷ್ಟರಲ್ಲಿ ಚಿನ್ನದ ತಗಡು ಕಿತ್ತು, ತುಂಡು ತುಂಡಾಗಿ ಹೋಗಿತ್ತು. ಹುಮಾ ಮತ್ತು ದೊಡ್ಡ ಹುಲಿತಲೆ ಇಂದು ಇಂಗ್ಲೆಂಡಿನ ರಾಜಮನೆತನದ ಸಂಗ್ರಹದಲ್ಲಿವೆ. ಹುಮಾದ ನೆರಳು ಯಾರ ತಲೆಯ ಮೇಲೆ ಬೀಳುತ್ತದೋ ಅವನು ಬಾದಷಹನಾಗುತ್ತಾನೆ ಎಂದು ಉರ್ದು ಕವಿಗಳು ಎಷ್ಟು ಬರೆದಿಲ್ಲ! ಆ ಹಕ್ಕಿ ಹೋಗಿ ವಿಂಡ್ಸರ್ ಅರಮನೆಯಲ್ಲಿ ಕೂತಿತು.

ಉಳಿದ ಸಣ್ಣ ಹುಲಿತಲೆಗಳಲ್ಲಿ ಒಂದು ವೇಲ್ಸಿನ ಪೋವಿಸ್ ಕೋಟೆಯಲ್ಲಿದೆ, ಪ್ಲಾಸಿಯ ಕ್ಲೈವ್‌ನ ಸೊಸೆ ಒಯ್ದ ವಸ್ತುಗಳ ಜೊತೆ. 2009ರಲ್ಲಿ ಒಂದು ಹುಲಿತಲೆ ಲಂಡನ್ನಿನ ಬೋನ್‌ಹ್ಯಾಮ್ಸ್‌ನಲ್ಲಿ ಸುಮಾರು ಮೂರು ಲಕ್ಷ ತೊಂಬತ್ತು ಸಾವಿರ ಪೌಂಡಿಗೆ ಮಾರಾಟವಾಯಿತು. 2021ರಲ್ಲಿ ಇನ್ನೊಂದು ತಮಾಷೆ ನಡೆಯಿತು. ಹದಿನೈದು ಲಕ್ಷ ಪೌಂಡು ಬೆಲೆಯ ಒಂದು ಹುಲಿತಲೆ ಹೊರದೇಶಕ್ಕೆ ಹೋಗಲಿದೆ ಎಂದಾಗ ಬ್ರಿಟಿಷ್ ಸರ್ಕಾರ ಅದಕ್ಕೆ ತಾತ್ಕಾಲಿಕ ರಫ್ತು ತಡೆ ಹಾಕಿತು. ಕಾರಣ, ಅದು ತಮ್ಮ ದೇಶದ ಇತಿಹಾಸಕ್ಕೆ ಮುಖ್ಯವಾದುದಂತೆ! ನಕ್ಕುಬಿಡಬಹುದು. ಆದರೆ ಯೋಚಿಸಿದರೆ ಅವರ ಮಾತು ಸುಳ್ಳೂ ಅಲ್ಲ. ಅವರ ಸಾಮ್ರಾಜ್ಯ ಹೇಗೆ ಕಟ್ಟಲ್ಪಟ್ಟಿತು ಎಂಬುದಕ್ಕೆ ಆ ಹುಲಿತಲೆಗಿಂತ ಒಳ್ಳೆಯ ಸಾಕ್ಷಿ ಅವರಿಗಾದರೂ ಎಲ್ಲಿ ಸಿಗಬೇಕು?

ಪಟ್ಟಣದ ಆ ಮೊದಲ ಹರಾಜಿನಲ್ಲಿ ಯಾರು ಸವಾಲು ಹಾಕಬಹುದಿತ್ತು? ಇದಕ್ಕೆ ಉತ್ತರ ಆರ್ಥರ್ ವೆಲ್ಲೆಸ್ಲಿಯ ಪತ್ರವೊಂದರಲ್ಲಿ ಸಿಗುತ್ತದೆ. 1799ರ ಆಗಸ್ಟ್‌ನಲ್ಲಿ ಬರೆದದ್ದು. ಟಿಪ್ಪುವಿನ ಉಡುಪುಗಳನ್ನು ಹರಾಜು ಹಾಕಲು ಏಜೆಂಟರು ಸಿದ್ಧರಾಗಿದ್ದರು. ವೆಲ್ಲೆಸ್ಲಿಗೆ ಆತಂಕ. ಊರಿನಲ್ಲಿರುವ ಅಸಮಾಧಾನಗೊಂಡ ಮುಸಲ್ಮಾನರು ಇವನ್ನು ಪವಿತ್ರ ಕುರುಹುಗಳೆಂದು ಕೊಂಡುಬಿಟ್ಟಾರು, ಅದು ಮುಂದೆ ಫಜೀತಿಗೆ ದಾರಿಯಾದೀತು, ಹಾಗಾಗಿ ಹರಾಜು ತಡೆಯಬೇಕು ಎಂಬುದು ಆ ಪತ್ರದ ತಾತ್ಪರ್ಯ. ನಾವು ಈ ಪ್ರಸಂಗವನ್ನು ಮತ್ತೆ ಮತ್ತೆ ನೆನೆದಿದ್ದೇವೆ. ಖಡ್ಗ, ರತ್ನ, ಚಿನ್ನದ ತಗಡು ಯಾರು ಕೊಂಡರೂ ಚಿಂತೆಯಿಲ್ಲ. ಒಂದು ಹಳೆಯ ಅಂಗಿ ಮಾತ್ರ, ಅದನ್ನು ಕಣ್ಣಿಗೊತ್ತಿಕೊಳ್ಳುವವನ ಕೈಗೆ ಹೋಗಬಾರದು. ಮನೆಯ ಯಜಮಾನ ಸತ್ತ ಮೇಲೆ ಅವನ ಬಟ್ಟೆಗೆ ಬೆಲೆ ಕೂಗುವ ಜಾಗದಲ್ಲಿ ಮನೆಯವರಿಗೇ ನಿಲ್ಲಲು ಎಡೆಯಿರಲಿಲ್ಲ. ಟಿಪ್ಪುವಿನ ಮಕ್ಕಳನ್ನು ಆಗಲೇ ವೇಲೂರಿಗೆ ಸಾಗಿಸಿದ್ದರು. 1806ರ ಸಿಪಾಯಿ ದಂಗೆಯ ನಂತರ ಅಲ್ಲಿಂದ ಕಲ್ಕತ್ತಾಕ್ಕೆ.

ಪುಸ್ತಕಗಳ ಕಥೆ ಬೇರೆ. ಅರಮನೆಯ ಗ್ರಂಥಾಲಯದಲ್ಲಿ ಸುಮಾರು ಎರಡು ಸಾವಿರ ಅರಬ್ಬಿ, ಪಾರಸಿ, ಉರ್ದು ಹಸ್ತಪ್ರತಿಗಳಿದ್ದವು. ಕುರ್‌ಆನ್, ಹದೀಸ್, ಫಿಕ್ಹ್, ಸೂಫಿ ಗ್ರಂಥ, ಕಾವ್ಯ, ಗಣಿತ, ವೈದ್ಯ ಎಲ್ಲವೂ. ಇವು ಹರಾಜಿಗೆ ಬೀಳಲಿಲ್ಲ. ಕಲ್ಕತ್ತಾದ ಫೋರ್ಟ್ ವಿಲಿಯಂ ಕಾಲೇಜು, ಏಷ್ಯಾಟಿಕ್ ಸೊಸೈಟಿ, ಲಂಡನ್ನಿನ ಕಂಪನಿಯ ಗ್ರಂಥಾಲಯ, ಆಕ್ಸ್‌ಫರ್ಡ್, ಕೇಂಬ್ರಿಜ್ ಎಂದು ಹಂಚಿಹೋದವು. ಚಾರ್ಲ್ಸ್ ಸ್ಟುವರ್ಟ್ ಎಂಬ ವಿದ್ವಾಂಸ 1809ರಲ್ಲಿ ಅವುಗಳ ವಿವರವಾದ ಪಟ್ಟಿ ಅಚ್ಚು ಹಾಕಿಸಿದ. ಆ ಪಟ್ಟಿಯ ಆರಂಭದಲ್ಲೇ ಅವನು ಒಂದು ಮಾತು ಹೇಳುತ್ತಾನೆ: ಈ ಪುಸ್ತಕಗಳಲ್ಲಿ ಹೈದರನಾಗಲಿ ಟಿಪ್ಪುವಾಗಲಿ ದುಡ್ಡು ಕೊಟ್ಟು ಕೊಂಡದ್ದು ಬಹಳ ಕಡಿಮೆ, ಹೆಚ್ಚಿನವು ಸವಣೂರು, ಕಡಪಾ, ಕರ್ನಾಟಿಕ್ ಪ್ರಾಂತಗಳಿಂದ ಲೂಟಿಯಲ್ಲಿ ಬಂದವು.

ಇದನ್ನು ಮೊದಲು ಓದಿದಾಗ ನಮಗೆ ಇರುಸುಮುರುಸಾಯಿತು. ಇಂಗ್ಲಿಷನ ಕುಹಕ ಎಂದು ತಳ್ಳಿಬಿಡಬಹುದಿತ್ತು. ಆದರೆ ಸವಣೂರಿನ ಚರಿತ್ರೆ ನೋಡಿದರೆ ತಳ್ಳಲಾಗದು. 1779ರಲ್ಲಿ ಹೈದರ್ ಸವಣೂರಿನ ನವಾಬನೊಂದಿಗೆ ಹೆಣ್ಣು ಕೊಟ್ಟು ಹೆಣ್ಣು ತಂದು ಬೀಗತನ ಮಾಡಿದ. 1786ರಲ್ಲಿ ಮರಾಠರ ಜೊತೆಗಿನ ಯುದ್ಧದಲ್ಲಿ ಅದೇ ಬೀಗರ ಊರನ್ನು ಟಿಪ್ಪು ವಶಪಡಿಸಿಕೊಂಡ; ನವಾಬ ಮರಾಠರ ಪಾಳೆಯಕ್ಕೆ ಓಡಬೇಕಾಯಿತು. ಸವಣೂರಿನ ಯಾವುದೋ ಮೌಲವಿಯ ಟಿಪ್ಪಣಿ ಇರುವ ಪುಸ್ತಕ ಹೀಗೆ ಪಟ್ಟಣಕ್ಕೆ ಬಂದು, ಅಲ್ಲಿಂದ ಲಂಡನ್ನಿಗೆ ಹೋಗಿರಬಹುದು. ಅದನ್ನು ಮರಳಿ ಕೊಡಿ ಎಂದು ಕೇಳುವಾಗ ಯಾರಿಗೆ ಕೊಡಿ ಎನ್ನಬೇಕು? ಶ್ರೀರಂಗಪಟ್ಟಣಕ್ಕೋ ಹಾವೇರಿ ಜಿಲ್ಲೆಗೋ? ನಮ್ಮ ಸುಲ್ತಾನನ ಮೇಲಿನ ಅಭಿಮಾನದಿಂದ ಈ ಪ್ರಶ್ನೆಯನ್ನು ನುಂಗಿಕೊಳ್ಳುವುದು ಸರಿಯಲ್ಲ. ಮಾಲೆ ಗನೀಮತ್ ಎಂದರೆ ಸಾಕು, ಎಲ್ಲವೂ ಹಲಾಲ್ ಎಂದು ಅಂದಿನ ಎಲ್ಲ ದಂಡುಗಳೂ ತಿಳಿದಿದ್ದವು. 1791ರಲ್ಲಿ ಶೃಂಗೇರಿಯ ಮಠವನ್ನು ದೋಚಿದ್ದು ಪಟವರ್ಧನರ ಮರಾಠಾ ಸೈನ್ಯ. ಆ ಮಠದ ಪುನಃಸ್ಥಾಪನೆಗೆ ನೆರವು ಕಳಿಸಿ ಸ್ವಾಮಿಗಳಿಗೆ ಕನ್ನಡದಲ್ಲಿ ಕಾಗದ ಬರೆಸಿದವನು ಟಿಪ್ಪು. ಆ ಕಾಗದಗಳನ್ನು 1916ರಲ್ಲಿ ಮೈಸೂರಿನ ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ ಮಠದಲ್ಲೇ ಕಂಡರು. ಕಾಗದ ಮಠ ಬಿಟ್ಟು ಕದಲಿರಲಿಲ್ಲ.

ಗಮನಿಸಿದರೆ ಇದು ವಿಚಿತ್ರವೇ. ಟಿಪ್ಪು ತನಗಾಗಿ ಇಟ್ಟುಕೊಂಡದ್ದು ಯಾವುದೂ ಇಲ್ಲಿ ಉಳಿಯಲಿಲ್ಲ. ಕೊಟ್ಟುಬಿಟ್ಟದ್ದು ಉಳಿಯಿತು. ಶ್ರೀರಂಗನಾಥನ ದೇವಸ್ಥಾನಕ್ಕೆ ಅವನು ಕೊಟ್ಟ ಬೆಳ್ಳಿ ಬಟ್ಟಲು, ಕರ್ಪೂರದಾರತಿ. ನಂಜನಗೂಡಿನಲ್ಲಿ ಅವನ ಕೊಡುಗೆಯೆಂದೇ ಜನ ತೋರಿಸುವ ಪಚ್ಚೆಯ ಲಿಂಗ. ಅವುಗಳಿಗೆ ಲಾಟ್ ನಂಬರು ಬೀಳಲಿಲ್ಲ. ಅರಮನೆ ಸಾಮಾನಿನ ಹರಾಜು ನಡೆಯುತ್ತಿದ್ದಾಗ ಅದೇ ಕೋಟೆಯೊಳಗೆ ದೇವಸ್ಥಾನದಲ್ಲಿ ಆ ಬಟ್ಟಲುಗಳು ಪೂಜೆಯ ಸಾಮಾನಾಗಿ ಇದ್ದವು.

ಇತ್ತೀಚಿನ ಹರಾಜುಗಳ ಕಡೆ ಬೇಗ ಕಣ್ಣು ಹಾಯಿಸೋಣ. 2003ರಲ್ಲಿ ಲಂಡನ್ನಿನಲ್ಲಿ ಟಿಪ್ಪುವಿನ ಖಡ್ಗವೊಂದನ್ನು ವಿಜಯ ಮಲ್ಯ ಕೊಂಡಾಗ ನಮ್ಮ ಕಡೆ ಪಟಾಕಿ ಹೊಡೆಯುವುದೊಂದು ಬಾಕಿ. ಆ ಖಡ್ಗ ಈಗ ಅವರ ಬಳಿ ಇಲ್ಲ, ಕೊಟ್ಟುಬಿಟ್ಟಿದ್ದಾರೆ ಎಂಬ ಸುದ್ದಿ 2018ರಲ್ಲಿ ಪತ್ರಿಕೆಗಳಲ್ಲಿ ಬಂತು. 2014ರಲ್ಲಿ ಕ್ರಿಸ್ಟೀಸ್ ಒಂದು ಚಿನ್ನದ ಉಂಗುರ ಮಾರಿತು, ಒಂದು ಲಕ್ಷ ನಲವತ್ತೈದು ಸಾವಿರ ಪೌಂಡು. ಅದರ ಮೇಲೆ ದೇವನಾಗರಿಯಲ್ಲಿ 'ರಾಮ' ಎಂದಿತ್ತು. ಟಿಪ್ಪುವಿನ ಬೆರಳಿನಿಂದ ತೆಗೆದದ್ದೆಂದು ಅದರ ಖ್ಯಾತಿ. 2015ರಲ್ಲಿ ಬೋನ್‌ಹ್ಯಾಮ್ಸ್ ಒಬ್ಬ ಸಂಗ್ರಾಹಕರ ಮೂವತ್ತು ಲಾಟುಗಳನ್ನು ಮಾರಿ ಅರವತ್ತು ಲಕ್ಷ ಪೌಂಡಿಗೂ ಹೆಚ್ಚು ಎಣಿಸಿತು. 2023ರ ಮೇ 23ರಂದು ಅದೇ ಮನೆಯಲ್ಲಿ, ಬೇರ್ಡ್‌ಗೆ ಸೈನ್ಯ ಕಾಣಿಕೆಯಾಗಿ ಕೊಟ್ಟಿದ್ದ ಟಿಪ್ಪುವಿನ ಮಲಗುವ ಕೋಣೆಯ ಖಡ್ಗ, 'ಶಂಶೀರೆ ಮಲಿಕ್' ಎಂಬ ಬರಹವುಳ್ಳದ್ದು, ಒಂದು ಕೋಟಿ ನಲವತ್ತು ಲಕ್ಷ ಪೌಂಡಿಗೆ ಹೋಯಿತು. ಅಂದಾಜು ಇಟ್ಟಿದ್ದದ್ದು ಇಪ್ಪತ್ತು ಲಕ್ಷದೊಳಗೆ.

ಈ ಬೆಲೆಗಳ ಹಿಂದಿನ ಒಗಟು ಸರಳವಾಗಿದೆ. ಹಳೆಯ ವಸ್ತುವಿನ ಮಾರುಕಟ್ಟೆಯಲ್ಲಿ ವಸ್ತುವಿಗಿಂತ ಅದರ ವಂಶಾವಳಿ ದುಬಾರಿ. ಯಾರ ಕೈಯಿಂದ ಯಾರ ಕೈಗೆ ಬಂತು ಎಂಬುದಕ್ಕೆ ಕಾಗದವಿರಬೇಕು. ಪಟ್ಟಣದ ಕಮ್ಮಟಗಳಲ್ಲಿ ಆದ ಬಂದೂಕಿಗೆ ಗುರುತುಗಳಿವೆ: ಹುಲಿಪಟ್ಟೆ, ಹೈದರನ ಹೆಸರಿನ ಮುದ್ರೆ, ಟಿಪ್ಪುವೇ ಜಾರಿಗೆ ತಂದ ಮೌಲೂದಿ ಶಕದ ಇಸವಿ. ಆದರೂ ಅಷ್ಟು ಸಾಲದು. 1799ರಲ್ಲಿ ಇಂಥ ಅಧಿಕಾರಿ ಇದನ್ನು ತಂದ ಎಂಬ ಮನೆತನದ ಕಾಗದ ಸೇರಿದರೆ ಬೆಲೆ ಹತ್ತು ಪಟ್ಟು. ಬೇರೆ ಎಲ್ಲ ಕಡೆ ಕದ್ದ ಮಾಲೆಂದು ತಿಳಿದರೆ ಬೆಲೆ ಬೀಳುತ್ತದೆ. ಇಲ್ಲಿ ಮಾತ್ರ ಲೂಟಿಯ ದಾಖಲೆಯೇ ಜನ್ಮಪತ್ರಿಕೆ. ಬರ್ಕ್‌ಷೈರಿನ ಆ ಬಂದೂಕನ್ನು ಯಾರೂ ತಿದ್ದಿ ತೀಡಿಸಿರಲಿಲ್ಲ, ಪೆಟ್ಟು ತಿಂದ ಗುರುತು ಹಾಗೆಯೇ ಇತ್ತು ಎಂಬುದನ್ನು ಹರಾಜುಗಾರರು ವಿಶೇಷವಾಗಿ ಹೇಳಿದ್ದರು. ಪೆಟ್ಟಿಗೂ ಬೆಲೆ.

ಅವನ್ನು ವಾಪಸು ಕೊಡಿ ಎಂಬ ಕೂಗು ಆಗ ಎದ್ದಿತು. ಕಾನೂನಿನಲ್ಲಿ ಅದಕ್ಕೆ ಆಸರೆಯಿಲ್ಲ. ನಮ್ಮ 1972ರ ಪ್ರಾಚ್ಯವಸ್ತು ಕಾಯಿದೆ ಇಲ್ಲಿಂದ ಹೊರಹೋಗುವುದನ್ನು ತಡೆಯುತ್ತದೆ. ಯುನೆಸ್ಕೋದ 1970ರ ಒಡಂಬಡಿಕೆ ಹಿಂದಿನ ಕಾಲಕ್ಕೆ ಅನ್ವಯವಾಗುವುದಿಲ್ಲ. ಉಳಿದದ್ದು ಇಟ್ಟುಕೊಂಡವರ ಮನಸ್ಸು. ಮನಸ್ಸು ಬರುವುದೇ ಇಲ್ಲವೆನ್ನಲಾಗದು. 2022ರ ಆಗಸ್ಟ್‌ನಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ವಸ್ತುಸಂಗ್ರಹಾಲಯಗಳು ಏಳು ವಸ್ತುಗಳನ್ನು ಭಾರತಕ್ಕೆ ಮರಳಿಸುವ ಒಪ್ಪಂದಕ್ಕೆ ಸಹಿ ಹಾಕಿದವು. ಅದರಲ್ಲಿ ಹೈದರಾಬಾದ್ ನಿಜಾಮನ ಸಂಗ್ರಹದ್ದೆಂದು ಗುರುತಿಸಿದ ಒಂದು ಖಡ್ಗವೂ ಇತ್ತು. ಸಂಗ್ರಹಾಲಯಕ್ಕೆ ಕೇಳುವ ಬಾಗಿಲಾದರೂ ಇದೆ. ಅಟ್ಟದಿಂದ ಇಳಿದು ಒಂದು ಖಾಸಗಿ ಕೈಯಿಂದ ಇನ್ನೊಂದಕ್ಕೆ ಹೋಗುವ ವಸ್ತುವಿಗೆ ಬಾಗಿಲೇ ಇಲ್ಲ. ಸುತ್ತಿಗೆ ಬಿದ್ದ ಕ್ಷಣ ಅದು ಮತ್ತೊಂದು ಅಟ್ಟ ಸೇರುತ್ತದೆ.

ನಮ್ಮಲ್ಲಿ ಉಳಿದದ್ದನ್ನು ನಾವು ಹೇಗೆ ಇಟ್ಟುಕೊಂಡಿದ್ದೇವೆ? 2018ರಲ್ಲಿ ಹೊಸನಗರ ತಾಲ್ಲೂಕಿನ ನಗರದಲ್ಲಿ, ಹಳೆಯ ಬಿದನೂರಿನಲ್ಲಿ, ಒಂದು ಪಾಳುಬಾವಿಯಿಂದ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್ ಕೊಳವೆಗಳನ್ನು ಪುರಾತತ್ವ ಇಲಾಖೆಯವರು ತೆಗೆದರು. ಇಂಗ್ಲಿಷರ ಕುದುರೆಗಳನ್ನು ಬೆಚ್ಚಿಬೀಳಿಸಿದ, ಆಮೇಲೆ ಕಾಂಗ್ರೀವ್ ಎಂಬವನು ಲಂಡನ್ನಿನಲ್ಲಿ ಸುಧಾರಿಸಿದ ಅದೇ ಬಾಣಗಳು. ಯಾವ ಪ್ರೈಜ್ ಏಜೆಂಟನ ಪಟ್ಟಿಗೂ ಸೇರದೆ ಕೆಸರಿನಲ್ಲಿ ಮಲಗಿದ್ದವು. ಕೆಸರೇ ಕಾಪಾಡಿತು. 2017ರಲ್ಲಿ ರೈಲು ಜೋಡಿಮಾರ್ಗಕ್ಕೆ ಅಡ್ಡ ಬಂದ ಶ್ರೀರಂಗಪಟ್ಟಣದ ಮದ್ದಿನ ಮನೆಯನ್ನು ಒಡೆಯದೆ, ಬುಡಸಮೇತ ಎತ್ತಿ, ಹಳಿಯ ಮೇಲೆ ಜರುಗಿಸಿ ಪಕ್ಕಕ್ಕಿಟ್ಟರು. ಇದನ್ನು ಮಾಡಿದ ಇಂಜಿನಿಯರುಗಳಿಗೆ ಸಲಾಮು ಹೇಳಲೇಬೇಕು.

ಇನ್ನು ಮನೆಯ ಮಾತು. ನಮ್ಮ ದಾದಿಯ ಬಳಿ ಒಂದು ತಾಮ್ರದ ಪಾನ್‌ದಾನ್ ಇತ್ತು. ಒಳಗೆ ಕಲಾಯಿ, ಮೇಲೆ ಗುಂಬಜಿನಂಥ ಮುಚ್ಚಳ, ಸುಣ್ಣಕ್ಕೆ, ಕಾಚಿಗೆ, ಅಡಿಕೆಗೆ, ಲವಂಗಕ್ಕೆ ಪುಟ್ಟ ಪುಟ್ಟ ಡಬ್ಬಿ. ಮುಚ್ಚಳದ ಅಂಚಿನಲ್ಲಿ ಉರ್ದುವಿನಲ್ಲಿ ಒಂದು ಹೆಂಗಸಿನ ಹೆಸರು ಕೊರೆದಿತ್ತು. ಅದು ದಾದಿಯ ಹೆಸರಲ್ಲ, ಅವಳ ನಾನಿಯದೋ ಅದಕ್ಕೂ ಹಿಂದಿನವರದೋ. ದಾದಿ ಹೋದ ವರ್ಷ, ತೊಂಬತ್ತರ ದಶಕದಲ್ಲಿ, ಹಳೇ ಪಾತ್ರೆಯವನು ಬಂದಾಗ ಮನೆಯಲ್ಲಿ ಯಾರಿಗೂ ಅದರ ಅಗತ್ಯ ಕಾಣಲಿಲ್ಲ. ತೂಕಕ್ಕೆ ಹಾಕಿ, ಒಂದು ಸ್ಟೀಲ್ ಡ್ರಮ್ಮು ತೆಗೆದುಕೊಂಡೆವು. ನಾವೇ ಹೊತ್ತುಕೊಂಡು ಹೋಗಿ ತಕ್ಕಡಿಯ ಮೇಲಿಟ್ಟೆವು. ಯಾವ ಹ್ಯಾರಿಸ್ಸೂ ಬಂದಿರಲಿಲ್ಲ. ಆ ಡ್ರಮ್ಮಿನಲ್ಲಿ ಈಗಲೂ ಅಕ್ಕಿ ಇದೆ.

ಬರ್ಕ್‌ಷೈರಿನ ಸುದ್ದಿ ಓದಿದ ವಾರ ಊರಿಗೆ ಹೋದಾಗ ಅಟ್ಟ ಹತ್ತಿ ಹುಡುಕಿದೆವು. ತುಕ್ಕು ಹಿಡಿದ ಟ್ರಂಕಿನಲ್ಲಿ ಪಾನ್‌ದಾನಿನ ಜೊತೆಯ ಸರೋತಾ ಮಾತ್ರ ಸಿಕ್ಕಿತು; ಅಡಕತ್ತರಿ, ಗಿಳಿಯ ಆಕಾರದ್ದು, ಒಂದು ರೆಕ್ಕೆ ಮುರಿದಿದೆ. ಸೋದರಳಿಯ ಅದರ ಫೋಟೋ ತೆಗೆದು ಯಾರಿಗೋ ಕಳಿಸಿದ. ಎರಡು ದಿನದಲ್ಲಿ ಬೆಂಗಳೂರಿನಿಂದ ಹಳೆಯ ಸಾಮಾನಿನ ವ್ಯಾಪಾರಿಯೊಬ್ಬರ ಫೋನು. ಬೆಲೆ ಪರವಾಗಿಲ್ಲ ಎನ್ನುವಂತೆ ಹೇಳಿದರು. ಆಮೇಲೆ, ಇದು ಯಾರದಾಗಿತ್ತು ಎನ್ನುವುದಕ್ಕೆ ಏನಾದರೂ ಕಾಗದ ಇದೆಯಾ ಸಾರ್ ಎಂದು ಕೇಳಿದರು. ಪಕ್ಕದಲ್ಲಿ ಕೂತಿದ್ದ ನಮ್ಮ ಅಮ್ಮೀ, ಏನಂತೆ ಎಂದರು. ಹೇಳಿದೆವು. ಸರೋತಾವನ್ನು ಕೈಯಿಂದ ತೆಗೆದುಕೊಂಡು, ಸೆರಗಿನಿಂದ ಒರೆಸಿ, ಅಡುಗೆಮನೆಗೆ ಹೋಗಿ ಒಂದು ಅಡಿಕೆ ಇಟ್ಟು ಕತ್ತರಿಸಿ ನೋಡಿದರು. ಕತ್ತರಿಸಿತು.